ಊರು ನೋಡಿ ಬದಲಾಗುವ ಪುಟ

ಜಿಲ್ಲೆ ಜಿಲ್ಲೆಗೂ ಪುಟ ಬದಲಿಸಿ ಅಚ್ಚು ಹಾಕುವುದು ಕನ್ನಡ ದಿನಪತ್ರಿಕೆಗಳ ಹಳೆಯ ರೂಢಿ. ಮೈಸೂರಿನ ವಿದ್ಯಾರಣ್ಯಪುರಂನ ಮನೆಗೆ ಬೆಳಗ್ಗೆ ಬೀಳುವ ಪ್ರತಿಯಲ್ಲಿ ನಗರಪಾಲಿಕೆಯ ಸುದ್ದಿ ಇರುವ ಜಾಗದಲ್ಲೇ ಕಲಬುರಗಿಯ ಪ್ರತಿಯಲ್ಲಿ ತೊಗರಿಯ ಸುದ್ದಿ ಇರುತ್ತದೆ. ಇದನ್ನು ಯಾರೂ ಮೋಸ ಎಂದು ಕರೆದಿಲ್ಲ. ಯಾವ ಊರಿನ ಆವೃತ್ತಿ ಎಂಬುದು ಪತ್ರಿಕೆಯ ಮೇಲೆಯೇ ಅಚ್ಚಾಗಿರುತ್ತದೆ; ಇನ್ನೊಂದು ಜಿಲ್ಲೆಯ ಪುಟ ಬೇಕಾದವರು ಇ-ಪೇಪರಿನಲ್ಲಿ ಆರಿಸಿಕೊಂಡು ಓದುತ್ತಾರೆ. ಜಾಲತಾಣಗಳೂ ಇದೇ ಕೆಲಸ ಮಾಡುತ್ತವೆ. ಓದುಗ ಎಲ್ಲಿದ್ದಾನೆಂದು ನೋಡಿ ಸುದ್ದಿ, ಜಾಹೀರಾತು, ಭಾಷೆ, ಬೆಲೆ, ಕೊನೆಗೆ ದೇಶದ ಗಡಿಯನ್ನೂ ಬದಲಿಸಿ ತೋರಿಸುತ್ತವೆ. ಆದರೆ ತಾನು ಓದುತ್ತಿರುವುದು ಯಾವ ಆವೃತ್ತಿ ಎಂದು ಆ ಓದುಗನಿಗೆ ಬಹಳಷ್ಟು ಸಲ ಗೊತ್ತೇ ಆಗುವುದಿಲ್ಲ. ಈ ಪದ್ಧತಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಊರಿಗೆ ತಕ್ಕ ಪುಟ ಕೊಡುವುದು ತಪ್ಪಲ್ಲ, ಕೊಟ್ಟದ್ದನ್ನು ಹೇಳದಿರುವುದು ತಪ್ಪು.

ಊರನ್ನು ಅವು ಕಂಡುಹಿಡಿಯುವುದಾದರೂ ಹೇಗೆ? ಅಂತರ್ಜಾಲಕ್ಕೆ ಸೇರಿದ ಪ್ರತಿ ಸಂಪರ್ಕಕ್ಕೂ ಒಂದು ಐಪಿ ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾವ ಕಂಪನಿಯದು, ಆ ಕಂಪನಿ ಅದನ್ನು ಯಾವ ಊರಿನಲ್ಲಿ ಬಳಸುತ್ತಿರಬಹುದು ಎಂಬ ಅಂದಾಜಿನ ಪಟ್ಟಿಗಳನ್ನು ಮಾರುವವರಿದ್ದಾರೆ. ದೇಶದ ಮಟ್ಟದಲ್ಲಿ ಈ ಅಂದಾಜು ಬಹುಮಟ್ಟಿಗೆ ಸರಿ ಬರುತ್ತದೆ. ಊರು, ಬಡಾವಣೆ ಎಂದು ಕೆಳಗಿಳಿದಷ್ಟೂ ಜಾರುತ್ತದೆ. ಮೊಬೈಲ್ ಸಂಪರ್ಕದಲ್ಲಂತೂ ಸಾವಿರಾರು ಗ್ರಾಹಕರು ಒಂದೇ ಸಂಖ್ಯೆಯ ಹಿಂದೆ ಸೇರಿರುತ್ತಾರೆ. ಮೈಸೂರಿನ ಫೋನಿನಿಂದ ಹೊರಟ ಕೋರಿಕೆ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಹೊರಜಾಲವನ್ನು ಸೇರಬಹುದು. ಹಾಗಾಗಿ ವಿದ್ಯಾರಣ್ಯಪುರಂನ ಒಂದೇ ಮನೆಯಲ್ಲಿ ವೈಫೈ ಹಿಡಿದವರಿಗೆ ಮೈಸೂರಿನ ಹವಾಮಾನ, ಪಕ್ಕದಲ್ಲಿ ಮೊಬೈಲ್ ಡೇಟಾದಲ್ಲಿ ಇರುವವರಿಗೆ ಬೆಂಗಳೂರಿನ ಹವಾಮಾನ ಕಾಣುವುದು ಸಾಧ್ಯ. ಈ ಬಡಾವಣೆಗೆ ಇನ್ನೂ ಒಂದು ತೊಡಕಿದೆ. ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಕಡೆ ಇನ್ನೊಂದು ವಿದ್ಯಾರಣ್ಯಪುರ ಇದೆ. ಪಿನ್‌ಕೋಡ್ ನೋಡಿದರೆ 570008 ಮತ್ತು 560097ರ ನಡುವೆ ಗೊಂದಲವೇ ಇಲ್ಲ. ಆದರೆ ಐಪಿ ಸಂಖ್ಯೆ ನಂಬಿಕೊಂಡ ತಾಣವು ಓದುಗನನ್ನು ಬೆಂಗಳೂರಿನವನೆಂದು ಒಮ್ಮೆ ತೀರ್ಮಾನಿಸಿದರೆ, ಅಲ್ಲಿಯ ವಿದ್ಯಾರಣ್ಯಪುರದ ಅಂಗಡಿ, ಕ್ಲಿನಿಕ್ಕುಗಳೇ ಮುಂದೆ ಬಂದು ನಿಲ್ಲುತ್ತವೆ.

ಅಂದಾಜನ್ನು ನಿಜವೆಂದು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ತೋಟದ ಮನೆ ಸಾಕ್ಷಿ. ಇಂಥ ಐಪಿ ಪಟ್ಟಿ ಮಾರುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, 'ಅಮೆರಿಕದಲ್ಲಿ ಎಲ್ಲೋ ಇದೆ' ಎಂದಷ್ಟೇ ಗೊತ್ತಿದ್ದ ಸಂಖ್ಯೆಗಳಿಗೆಲ್ಲ ದೇಶದ ನಡುವಿನ ಒಂದು ಬಿಂದುವನ್ನು ವಿಳಾಸವಾಗಿ ಕೊಟ್ಟಿತ್ತು. ಆ ಬಿಂದು ಪಾಟ್ವಿನ್ ಊರಿನ ಬಳಿಯ ಈ ಮನೆಯ ಮೇಲೆ ಬಿತ್ತು. 60 ಕೋಟಿಗೂ ಹೆಚ್ಚು ಸಂಖ್ಯೆಗಳು ಅಲ್ಲಿಗೆ ಜಮೆಯಾಗಿದ್ದವು ಎಂದು 2016ರಲ್ಲಿ ವರದಿಯಾಯಿತು. ಯಾರದೋ ವಂಚನೆಗೆ, ಇನ್ಯಾರದೋ ಕಳ್ಳತನಕ್ಕೆ ಪೊಲೀಸರು ವರ್ಷಗಟ್ಟಲೆ ಆ ಮನೆಯ ಬಾಗಿಲು ತಟ್ಟಿದ್ದರು.

ಇದಕ್ಕಿಂತ ನಮಗೆ ಹತ್ತಿರದ, ದಿನವೂ ಆಗುವ ಅನ್ಯಾಯವೆಂದರೆ ಊರಿನಿಂದ ಭಾಷೆಯನ್ನು ಊಹಿಸುವುದು. ಭಾರತದಿಂದ ಬಂದವರಿಗೆಲ್ಲ ಹಿಂದಿ, ಕೇರಳದಿಂದ ಬಂದವರಿಗೆಲ್ಲ ಮಲಯಾಳಂ ಎಂದು ಲೆಕ್ಕ ಹಾಕುವ ತಾಣಕ್ಕೆ ಕಾಸರಗೋಡಿನ ಕನ್ನಡಿಗ ಕಾಣುವುದೇ ಇಲ್ಲ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಬದಲಾದರೂ ಮಂಜೇಶ್ವರ, ಕುಂಬಳೆಯ ಮನೆಗಳ ಮಾತು ಬದಲಾಗಲಿಲ್ಲ. ಗೆರೆ ನೋಡಿ ಭಾಷೆ ಕೊಡುವ ಯಂತ್ರವು ಆ ಗೆರೆಯನ್ನು ಪ್ರತಿ ಮನೆಯೊಳಗೂ ಹೊಸದಾಗಿ ಎಳೆಯುತ್ತದೆ. ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೋದ ಮೈಸೂರಿನ ತಾಯಿಯನ್ನು ನೆನೆಸಿಕೊಳ್ಳಿ. ವಿಮಾನ ಇಳಿದ ಮೇಲೆ ಆಕೆಯ ಫೋನಿನಲ್ಲಿ ಎಷ್ಟೋ ಪುಟಗಳು ಜರ್ಮನ್ ಭಾಷೆಗೆ ತಿರುಗುತ್ತವೆ. ಫೋನು ಅದೇ, ಕೈಯೂ ಅದೇ. ವಾಪಸು ಬರುವ ಗುಂಡಿ ಎಲ್ಲಿದೆ ಎಂಬುದನ್ನು ಕೂಡ ಜರ್ಮನ್‌ನಲ್ಲೇ ಓದಿ ತಿಳಿಯಬೇಕು.

ಹೀಗೆ ಊಹಿಸುವ ಅಗತ್ಯವೇ ಇಲ್ಲದಿರುವುದು ನನ್ನನ್ನು ಹೆಚ್ಚು ಕೆರಳಿಸುತ್ತದೆ. ಬ್ರೌಸರ್‌ನಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಟ್ಟರೆ, ಪುಟ ಕೇಳುವಾಗಲೆಲ್ಲ ಬ್ರೌಸರ್ ಆ ಆಯ್ಕೆಯನ್ನೂ ಜೊತೆಗೇ ಕಳುಹಿಸುತ್ತದೆ. 1990ರ ದಶಕದಿಂದಲೂ ಈ ಏರ್ಪಾಡು ಜಾಲದ ನಿಯಮದಲ್ಲೇ ಇದೆ. ಓದುಗ ತನ್ನ ಭಾಷೆ ಇದೆಂದು ಬಾಯಿಬಿಟ್ಟು ಹೇಳಿದರೂ ಕೇಳಿಸಿಕೊಳ್ಳದೆ ಅವನು ನಿಂತ ನೆಲವನ್ನು ನೋಡುವುದು ಉಡಾಫೆ. ಐಪಿ ನೋಡಿ ಪುಟದ ತಿರುಳನ್ನು ಬದಲಿಸಬೇಡಿ, ಅದು ನಂಬುವಂಥದ್ದಲ್ಲ; ಓದುಗರನ್ನು ಒಂದು ಭಾಷೆಯ ಪುಟದಿಂದ ಇನ್ನೊಂದಕ್ಕೆ ತಾನಾಗಿ ತಳ್ಳಬೇಡಿ ಎಂದು ಗೂಗಲ್ ಕೂಡ ತಾಣ ನಡೆಸುವವರಿಗೆ ಸಲಹೆ ಕೊಡುತ್ತದೆ.

ಸ್ಥಳವನ್ನು ಸರಿಯಾಗಿ ಬಳಸಿದ ಉದಾಹರಣೆಯೂ ನಮ್ಮಲ್ಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ನೀವಿರುವ ಜಾಗವನ್ನು ನಿಮ್ಮನ್ನು ಕೇಳಿಯೇ ಪಡೆಯುತ್ತದೆ, ಸಿಡಿಲು ಎಷ್ಟು ಸಮೀಪದಲ್ಲಿದೆ ಎಂಬುದನ್ನು ಬಣ್ಣದಲ್ಲಿ ತೋರಿಸುತ್ತದೆ. ಹೊಲದಲ್ಲಿ ನಿಂತವನಿಗೆ ಬೇಕಾದದ್ದು ಅಷ್ಟೇ, ಮತ್ತು ಅದು ಅವನ ಜಾಗ ಗೊತ್ತಿಲ್ಲದೆ ಕೊಡಲಾಗದ್ದು. ಇದರ ಪಕ್ಕದಲ್ಲಿ ವಿದ್ಯಾರಣ್ಯಪುರಂ ಓದುಗನಿಗೆ ಸಿಗುವ 'ಸ್ಥಳೀಯ' ಪುಟವನ್ನು ಇಟ್ಟು ನೋಡಬೇಕು. ಅಲ್ಲಿಯ ಸೂಯೇಜ್ ಫಾರಂನ ಕಸದ ರಾಶಿ, ಅದರ ವಾಸನೆ, ಅದನ್ನು ತೆಗೆಯುವ ಕೆಲಸ ಎಲ್ಲಿಗೆ ಬಂತು ಎಂಬುದು ಆ ಭಾಗದ ಜನರ ವರ್ಷಗಳ ಚಿಂತೆ. ದೇಶದ ಸ್ವಚ್ಛ ನಗರವೆಂದು 2016ರಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗಲೂ ಆ ಚಿಂತೆ ಇತ್ತು. ಆದರೆ 'ನಿಮ್ಮ ಹತ್ತಿರ' ಎಂಬ ತಲೆಬರಹದ ಕೆಳಗೆ ಬರುವುದು ಸೈಟು, ಜಿಮ್ಮು, ಸಾಲದ ಜಾಹೀರಾತು. ಸ್ಥಳದ ಮಾಹಿತಿ ಓದುಗನಿಂದ ಹೋಗುತ್ತದೆ, ಆ ಸ್ಥಳದ ಸಂಕಟ ಪುಟಕ್ಕೆ ಬರುವುದಿಲ್ಲ.

ಕಾನೂನಿಗಾಗಿ ಬದಲಾಗುವ ಪುಟಗಳದು ಬೇರೆ ಕಥೆ. ನಾಜಿ ವಸ್ತುಗಳ ಹರಾಜು ಫ್ರಾನ್ಸಿನವರಿಗೆ ಕಾಣಬಾರದೆಂದು ಪ್ಯಾರಿಸ್ ನ್ಯಾಯಾಲಯ 2000ದಲ್ಲಿ ಯಾಹೂಗೆ ಆದೇಶಿಸಿತು. ಐಪಿ ನೋಡಿ ಸುಮಾರು ಶೇ 70ರಷ್ಟು ಫ್ರೆಂಚ್ ಬಳಕೆದಾರರನ್ನು ಗುರುತಿಸಬಹುದೆಂದು ತಜ್ಞರು ಅಂದಾಜು ಕೊಟ್ಟಿದ್ದರು. ಗಡಿಯಿಲ್ಲದ ಜಾಲ ಎಂಬ ಮಾತು ಅಲ್ಲಿಗೆ ಸಡಿಲವಾಯಿತು. ಗೂಗಲ್ ಮ್ಯಾಪ್ಸ್‌ನಲ್ಲಿ ಮೈಸೂರಿನಿಂದ ನೋಡಿದರೆ ಕಾಶ್ಮೀರದ ಗಡಿ ಅಖಂಡ ಗೆರೆ, ಹೊರದೇಶದಿಂದ ನೋಡಿದರೆ ವಿವಾದ ಸೂಚಿಸುವ ತುಂಡು ಗೆರೆ. ಭಾರತದ ಕಾನೂನಿಗೆ ಒಪ್ಪುವ ನಕ್ಷೆಯನ್ನು ಭಾರತದಲ್ಲಿ ತೋರಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಎರಡು ನಕ್ಷೆಗಳಿವೆ ಎಂಬ ಸಂಗತಿ ನಕ್ಷೆಯ ಮೇಲೆಯೇ ಇರಬೇಕಿತ್ತು. ಟ್ವಿಟರ್ 2012ರಿಂದ, ಒಂದು ದೇಶದಲ್ಲಿ ತಡೆಹಿಡಿದ ಬರಹದ ಜಾಗದಲ್ಲಿ ತಡೆದಿದ್ದೇವೆಂದು ಬರೆಯತೊಡಗಿತು. ಕಾನೂನಿನ ಕಾರಣಕ್ಕೆ ಪುಟ ಸಿಗದು ಎಂದು ತಿಳಿಸಲೆಂದೇ 2016ರಲ್ಲಿ 451 ಎಂಬ ಸಂಕೇತ ಸಂಖ್ಯೆಯೂ ಮಾನ್ಯವಾಯಿತು. ತಡೆಯ ಸರಿ ತಪ್ಪು ಬೇರೆ ಪ್ರಶ್ನೆ. ತಡೆದದ್ದು ಗೊತ್ತಾದರೆ ಆ ಪ್ರಶ್ನೆಯನ್ನು ಕೇಳಲಾದರೂ ಆಗುತ್ತದೆ.

ಬೆಲೆಯ ವಿಷಯದಲ್ಲಿ ಆ ಅವಕಾಶವೂ ಇಲ್ಲ. ಅಮೆರಿಕದ ಸ್ಟೇಪಲ್ಸ್ ಮಳಿಗೆಯ ತಾಣವು ಖರೀದಿದಾರರ ಊರನ್ನು ಅಂದಾಜಿಸಿ ಒಂದೇ ವಸ್ತುವಿಗೆ ಬೇರೆ ಬೇರೆ ಬೆಲೆ ತೋರಿಸುತ್ತಿದ್ದುದನ್ನು ವಾಲ್ ಸ್ಟ್ರೀಟ್ ಜರ್ನಲ್ 2012ರಲ್ಲಿ ಬಯಲಿಗೆಳೆಯಿತು. ಪೈಪೋಟಿಯ ಅಂಗಡಿ ಹತ್ತಿರವಿದ್ದವರಿಗೆ ಸಾಮಾನ್ಯವಾಗಿ ಬೆಲೆ ಕಡಿಮೆ ಇತ್ತು. ಸಾಗಣೆಯ ಖರ್ಚು ಊರಿಂದೂರಿಗೆ ಬದಲಾಗುವುದು ನ್ಯಾಯ; ಬೇರೆ ಅಂಗಡಿ ಹತ್ತಿರವಿಲ್ಲದವನ ಅಸಹಾಯಕತೆಗೆ ಬೆಲೆ ಕಟ್ಟುವುದು ನ್ಯಾಯವಲ್ಲ. ಯುರೋಪಿನ ಒಕ್ಕೂಟದಲ್ಲಿ 2018ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಮಾರುವವರು ಗ್ರಾಹಕರನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಂದು ದೇಶದ ಪುಟಕ್ಕೆ ತಿರುಗಿಸುವಂತಿಲ್ಲ. ಒಪ್ಪಿಗೆ ಕೊಟ್ಟ ಮೇಲೂ ಅವರು ಮೊದಲು ಹುಡುಕಿದ್ದ ಪುಟ ಸುಲಭವಾಗಿ ಸಿಗಬೇಕು. ನಮ್ಮ 2020ರ ಇ-ವಾಣಿಜ್ಯ ನಿಯಮಗಳು ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಸಲ್ಲದು ಎನ್ನುತ್ತವೆ. ವಿದ್ಯಾರಣ್ಯಪುರಂನ ಗ್ರಾಹಕರು ಆ ನಿಯಮದ ಅಡಿ ದೂರು ಕೊಡಬೇಕಾದರೆ, ಅದೇ ವಸ್ತು ಬೇರೆ ಊರಿನಲ್ಲಿ ಎಷ್ಟಕ್ಕೆ ಕಾಣುತ್ತಿದೆ ಎಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ನೆಂಟರಿಗೆ ಫೋನ್ ಮಾಡಿ ಕೇಳಬೇಕು. ಬೆಲೆಯ ಕೆಳಗೆ ಒಂದು ಸಾಲು, 'ಇದು ಮೈಸೂರಿಗೆ ಹಾಕಿದ ಬೆಲೆ' ಎಂದು ಬರೆಯುವುದನ್ನು ಕಡ್ಡಾಯ ಮಾಡಿದರೆ ಆ ಫೋನು ಬೇಕಾಗುವುದಿಲ್ಲ.