ನತ್ಥುವಿಗಾಗಿ ಅಳಬಾರದೇ?

ಭೀಷ್ಮ ಸಾಹನಿಯವರ ‘ತಮಸ್’ನ ಮಾತು ಬಂದಾಗಲೆಲ್ಲ ನಮ್ಮ ಗೋಷ್ಠಿಗಳಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: ಕಾದಂಬರಿ ದೊಡ್ಡದು, ಗೋವಿಂದ ನಿಹಲಾನಿಯವರ ಟೆಲಿಚಿತ್ರ ಅದನ್ನು ಕಣ್ಣೀರಿನ ಕಥೆ ಮಾಡಿಬಿಟ್ಟಿತು. ಮೊನ್ನೆ ಮತ್ತೊಮ್ಮೆ ಕೇಳಿದೆ. ಹೇಳಿದವರು ಎಳೆಯರು, ಮಾತು ಮಾತ್ರ ಹಳಸಿದ್ದು. ಇನ್ನು ಸುಮ್ಮನಿರಲಾರೆ.

ಆರೋಪವೆಲ್ಲ ನತ್ಥುವಿನ ಸುತ್ತಲೇ ಇದೆ. ಮುರಾದ್ ಅಲಿ ಕೊಟ್ಟ 5 ರೂಪಾಯಿಗೆ ಹಂದಿ ಕೊಂದ ಈ ಚಮ್ಮಾರ ಕಾದಂಬರಿಯಲ್ಲಿ ಮೆಲ್ಲಗೆ ಮರೆಗೆ ಸರಿಯುತ್ತಾನೆ. ಕೊನೆಗೆ ಶಾಂತಿಯ ಘೋಷಣೆ ಕೂಗುತ್ತ ಹೊರಟ ಬಸ್ಸಿನಲ್ಲಿ ಅದೇ ಮುರಾದ್ ಅಲಿ ಕೂತಿರುವಾಗ, ನತ್ಥು ಸತ್ತ ಸುದ್ದಿ ನಮಗೆ ಹಾದಿಯಲ್ಲಿ ಸಿಕ್ಕ ಮಾತಿನಂತೆ ತಿಳಿಯುತ್ತದೆ. ಇದನ್ನು ಸಂಯಮವೆಂದು ಎಲ್ಲರೂ ಹೊಗಳುತ್ತಾರೆ. ನಾನೂ ಹೊಗಳಿದ್ದೇನೆ. ಆದರೆ ನಿಹಲಾನಿ ಅವನನ್ನು ಬಿಟ್ಟುಕೊಡಲಿಲ್ಲ. ಬಸುರಿ ಹೆಂಡತಿ ಕರ್ಮೋಳೊಂದಿಗೆ ಊರು ಬಿಡಿಸಿದರು, ಮನೆಮಠ ಕಳೆದುಕೊಂಡ ಹರ್ನಾಮ್ ಸಿಂಗ್ ಮತ್ತು ಬಂತೋ ದಂಪತಿಯ ಜೊತೆ ನಡೆಸಿದರು. ಕಾದಂಬರಿಯಲ್ಲಿ ಇವರು ಕೂಡಿ ನಡೆಯುವುದೇ ಇಲ್ಲ.

ಇದು ದ್ರೋಹವೇ? ಮೊದಲ ದೃಶ್ಯವನ್ನು ನೆನಪಿಸಿಕೊಳ್ಳಿ. ಇಕ್ಕಟ್ಟಾದ ಕೋಣೆ, ಮಂಕು ಬೆಳಕು, ಹಂದಿಯ ಗುಟುರು, ಕತ್ತಿ ಹಿಡಿದು ಬೆವರುತ್ತಿರುವ ಓಂ ಪುರಿ. ಚರ್ಮ ಸುಲಿಯುವುದು ಗೊತ್ತು, ಕೊಲ್ಲುವುದು ಗೊತ್ತಿಲ್ಲ. ಇಷ್ಟನ್ನು ಆ ನಟ ಮೊಣಕೈ ಮತ್ತು ಬೆನ್ನಿನಲ್ಲೇ ಹೇಳುತ್ತಾರೆ. ಹಾಗೆ ಬೆವರಿದವನ ಸಾವನ್ನು ತೆರೆಯ ಮೇಲೆ ಒಂದು ಸುದ್ದಿಯಾಗಿಸಿದ್ದರೆ ಅದು ನಿಷ್ಠೆಯಾಗುತ್ತಿರಲಿಲ್ಲ, ನಿರ್ದಯವಾಗುತ್ತಿತ್ತು. ಪುಟದಲ್ಲಿ ಮರೆಯಾದವನನ್ನು ಓದುಗ ತಾನೇ ಹುಡುಕುತ್ತಾನೆ. ಕಣ್ಣಾರೆ ಕಂಡ ಮುಖ ಹಾಗಲ್ಲ, ಅದು ಲೆಕ್ಕ ಕೇಳುತ್ತದೆ.

ಡೆಪ್ಯುಟಿ ಕಮಿಷನರ್ ರಿಚರ್ಡ್‌ನ ಬಂಗಲೆಯ ದೃಶ್ಯಗಳು ಸಪ್ಪೆ, ಒಪ್ಪುತ್ತೇನೆ. ಬುದ್ಧನ ವಿಗ್ರಹಗಳನ್ನು ಪ್ರೀತಿಸುತ್ತ ಊರು ಉರಿಯಲು ಬಿಡುವ ಆ ಅಧಿಕಾರಿ ಕಾದಂಬರಿಯಲ್ಲಿ ಹೆಚ್ಚು ಭಯ ಹುಟ್ಟಿಸುತ್ತಾನೆ. ಅಷ್ಟರಿಂದ ಇಡೀ ಚಿತ್ರ ಸೋಲುವುದಿಲ್ಲ.

ನಿಹಲಾನಿ ನಮಗೆ ಪರಕೀಯರೂ ಅಲ್ಲ. ಕರಾಚಿಯಲ್ಲಿ ಹುಟ್ಟಿ ವಿಭಜನೆಯಲ್ಲಿ ಈಚೆಗೆ ಬಂದ ಈ ಹುಡುಗ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಪಳಗಿದ್ದು ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಕಾರ್ನಾಡರ ‘ಕಾಡು’ (1973) ಚಿತ್ರಕ್ಕೆ ಕ್ಯಾಮೆರಾ ಹಿಡಿದವರೂ ಅವರೇ. ಎರಡು ಊರುಗಳ ಹಗೆಯನ್ನು ಹುಡುಗ ಕಿಟ್ಟಿಯ ಕಣ್ಣಿನಿಂದ ನೋಡಿದ ಆ ಕ್ಯಾಮೆರಾಕ್ಕೆ, ದೊಡ್ಡವರ ಜಗಳದಲ್ಲಿ ಏನೂ ತಿಳಿಯದವನೇ ಸಿಕ್ಕಿಬೀಳುತ್ತಾನೆಂಬುದು ಆಗಲೇ ಗೊತ್ತಿತ್ತು.

ನನ್ನ ನಿಜವಾದ ಜಗಳ ಒಂದು ಚಿತ್ರದ ಕುರಿತದ್ದಲ್ಲ. ನವ್ಯದ ಕಾಲದಿಂದ ನಮ್ಮ ವಿಮರ್ಶೆಗೆ ಕಣ್ಣೀರೆಂದರೆ ಮೈಲಿಗೆ. ನಿರ್ಲಿಪ್ತತೆ ಇದ್ದರೆ ಕಲೆ, ಗಂಟಲು ಕಟ್ಟಿದರೆ ಅಗ್ಗ. ಕರುಣವೊಂದೇ ರಸವೆಂದ ಭವಭೂತಿಯನ್ನು ಪಾಠದಲ್ಲಿ ಹೊಗಳುತ್ತೇವೆ; ಗೋವಿನ ಹಾಡು ಕೇಳಿ ಅತ್ತ ಅಜ್ಜಿಯರ ಮಡಿಲಲ್ಲೇ ಬೆಳೆದಿದ್ದೇವೆ. ಆದರೂ ನತ್ಥುವಿಗಾಗಿ ಮನೆಯ ನಡುಮನೆಯಲ್ಲಿ ಕೂತು ಅತ್ತವರನ್ನು ರುಚಿ ಇಲ್ಲದವರು ಎನ್ನುತ್ತೇವೆ. ಆ ಅಳುವಿನ ಬಲ ಎಷ್ಟೆಂದು ವಿಮರ್ಶಕರಿಗಿಂತ ಚೆನ್ನಾಗಿ ಅರಿತವರು ಚಿತ್ರದ ವಿರೋಧಿಗಳು. 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಪ್ರಸಾರ ಶುರುವಾದದ್ದೇ ತಡ, ನಿಲ್ಲಿಸಬೇಕೆಂದು ನ್ಯಾಯಾಲಯಕ್ಕೆ ಹೋದರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಇಡೀ ಚಿತ್ರ ನೋಡಿ ಪ್ರಸಾರಕ್ಕೆ ಒಪ್ಪಿದರು, ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ತಡೆಯಲು ನಿರಾಕರಿಸಿತು.

ಮೂಲಕ್ಕೆ ದ್ರೋಹವಾಯಿತೆನ್ನುವವರು ಕೊನೆಯ ದೃಶ್ಯವನ್ನು ಇನ್ನೊಮ್ಮೆ ನೋಡಲಿ. ನಿರಾಶ್ರಿತರ ಶಿಬಿರದಲ್ಲಿ ಕರ್ಮೋ ಗಂಡನ ಹೆಣವನ್ನು ಗುರುತಿಸುತ್ತಾಳೆ, ಅಲ್ಲೇ ಹೆರಿಗೆ ನೋವು ಏಳುತ್ತದೆ. ಕೂಸಿನ ಅಳುವಿನ ಮೇಲೆ ಎರಡೂ ಕಡೆಯ ಘೋಷಣೆಗಳು ಕವಿಯುತ್ತವೆ. ಹೊರಗೆ ಕಾದು ಕೂತು ಅದನ್ನು ಕೇಳಿಸಿಕೊಳ್ಳುವ ಮುದುಕ ಹರ್ನಾಮ್ ಸಿಂಗ್. ಆ ಪಾತ್ರ ಮಾಡಿದವರು ಭೀಷ್ಮ ಸಾಹನಿ.