ಬೆಣ್ಣೆಗೆ ಬಂದ ಅಪವಾದ: ಒಂದು ಆಹಾರಪಟ್ಟಿಯ ವಿಮರ್ಶೆ

ಬ್ರೆಡ್ಡನ್ನು ಕಾಯಿಸಿದಾಗ ಅದು ಕಂದುಬಣ್ಣಕ್ಕೆ ತಿರುಗುವುದನ್ನು ನೀವು ನೋಡಿದ್ದೀರಿ. ಫ್ರಾನ್ಸಿನ ಲೂಯಿ ಕಾಮಿಲ್ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಯಲ್ಲಿ ಸಕ್ಕರೆಯು ಪ್ರೋಟೀನಿನ ಅಮೈನೊ ಆಮ್ಲಗಳಿಗೆ, ಮುಖ್ಯವಾಗಿ ಲೈಸೀನಿಗೆ, ಅಂಟಿಕೊಳ್ಳುತ್ತದೆ. ಗ್ಲೂಕೋಸು ಅಂಟಿದರೆ ಮೊದಲು ಫ್ರಕ್ಟೋಸ್‌ಲೈಸೀನ್ ದೊರೆಯುತ್ತದೆ. ಅದು ಉತ್ಕರ್ಷಣಗೊಂಡಾಗ ಕಾರ್ಬಾಕ್ಸಿಮೀಥೈಲ್‌ಲೈಸೀನ್, ಚಿಕ್ಕದಾಗಿ ಸಿಎಂಎಲ್, ಉಂಟಾಗುತ್ತದೆ.

ಯಾವ ಆಹಾರದಲ್ಲಿ ಇಂಥ ಉತ್ಪನ್ನಗಳು ಎಷ್ಟಿವೆ? ನ್ಯೂಯಾರ್ಕಿನ ಉರಿಬಾರಿ ಮತ್ತು ಸಂಗಡಿಗರು 2010ರಲ್ಲಿ 549 ಆಹಾರಗಳ ಪಟ್ಟಿಯನ್ನು ಪ್ರಕಟಿಸಿದರು. ಇದೊಂದು ಶ್ರಮದ ಕೆಲಸ. ನೀರಿನಲ್ಲಿ ಬೇಯಿಸುವುದಕ್ಕಿಂತ ಒಣಶಾಖದಲ್ಲಿ ಹುರಿದಾಗ ಈ ಉತ್ಪನ್ನಗಳು ಹೆಚ್ಚುತ್ತವೆ ಎಂಬ ಅದರ ತೀರ್ಮಾನ ಸರಿಯಾದದ್ದೇ. ಆದರೆ ಪಟ್ಟಿಯಲ್ಲಿ ಬೆಣ್ಣೆಯ ಅಂಕಿಯು ಬ್ರೆಡ್ಡಿನ ಕಂದು ಅಂಚಿನ ಅಂಕಿಗಿಂತ ನೂರಾರು ಪಟ್ಟು ದೊಡ್ಡದು!

ಇಲ್ಲಿ ನಿಂತು ಯೋಚಿಸಿ. ಲೈಸೀನ್ ಇಲ್ಲದೆ ಸಿಎಂಎಲ್ ಇಲ್ಲ. ಬೆಣ್ಣೆಯಲ್ಲಿ ಪ್ರೋಟೀನಿನ ಪ್ರಮಾಣ ಶೇಕಡ 1ರಷ್ಟು ಮಾತ್ರ. ಹಾಗಾದರೆ ಇಷ್ಟು ಸಿಎಂಎಲ್ ಬಂದದ್ದೆಲ್ಲಿಂದ? ಅಳತೆ ನಡೆದದ್ದು ಎಲೈಸಾ ವಿಧಾನದಲ್ಲಿ, ಅಂದರೆ ಪ್ರತಿಕಾಯದ ನೆರವಿನಿಂದ. ಫಲಿತಾಂಶ ಮಿಲಿಗ್ರಾಮುಗಳಲ್ಲಿಲ್ಲ, ವಿಧಾನಕ್ಕೇ ಸೀಮಿತವಾದ ಏಕಮಾನದಲ್ಲಿದೆ. ಕೊಬ್ಬು ಈ ಅಳತೆಗೆ ಅಡ್ಡಿಯಾಗಿರಬಹುದೆಂಬ ಸಂಶಯ ಸಹಜ. ಸ್ಕೈಯೆನ್ ಮತ್ತು ಸಂಗಡಿಗರು 2016ರಲ್ಲಿ 190 ಆಹಾರಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಿಂದ ಪರೀಕ್ಷಿಸಿದಾಗ ಚಿತ್ರವೇ ಬದಲಾಯಿತು. ಹೆಚ್ಚು ಶಾಖದಲ್ಲಿ ತಯಾರಾದ ಧಾನ್ಯ ಹಾಗೂ ಬೀಜಗಳ ತಿನಿಸುಗಳು ಮೇಲಕ್ಕೇರಿದವು. ಬೆಣ್ಣೆ ಹಣ್ಣು-ತರಕಾರಿಗಳ ಜೊತೆ ಕೆಳಗಿಳಿಯಿತು.

ಇನ್ನು ದೇಹದ ವಿಚಾರ. ‘ತಿಂದದ್ದರಲ್ಲಿ ಶೇಕಡ 10 ರಕ್ತ ಸೇರುತ್ತದೆ, ಅದರಲ್ಲಿ ಮೂರನೆಯ ಎರಡು ಭಾಗ ಒಳಗೇ ಉಳಿಯುತ್ತದೆ’ ಎಂಬ ಮಾತನ್ನು ನೀವು ಓದಿರಬಹುದು. ಇದರ ಮೂಲ ಕೊಶಿನ್‌ಸ್ಕಿ ಮತ್ತು ಸಂಗಡಿಗರ 1997ರ ಪ್ರಯೋಗ. ಫ್ರಕ್ಟೋಸು ಬೆರೆಸಿ ಬೇಯಿಸಿದ ಮೊಟ್ಟೆಯ ಬಿಳಿಯನ್ನು 38 ಮಧುಮೇಹಿಗಳಿಗೂ ಕೇವಲ 5 ಆರೋಗ್ಯವಂತರಿಗೂ ಕೊಟ್ಟು, 48 ಗಂಟೆಗಳ ಕಾಲ ರಕ್ತ, ಮೂತ್ರಗಳನ್ನು ಪರೀಕ್ಷಿಸಲಾಯಿತು. ಇಲ್ಲಿಯೂ ಎಲೈಸಾ ವಿಧಾನವೇ. ಮೂತ್ರಪಿಂಡ ದುರ್ಬಲವಾದಷ್ಟೂ ವಿಸರ್ಜನೆ ಕುಗ್ಗುತ್ತದೆ ಎಂಬ ಫಲಿತಾಂಶ ಬೆಲೆಯುಳ್ಳದ್ದು. ಆದರೆ ಎರಡು ದಿನಗಳ ಮೂತ್ರದಲ್ಲಿ ಕಾಣದ್ದೆಲ್ಲ ಅಂಗಾಂಶಗಳಲ್ಲಿ ಶೇಖರವಾಯಿತು ಎನ್ನುವುದು ಅಳತೆಯಲ್ಲ, ಊಹೆ.

ದಾರಿಗಳು ಬೇರೆಯೂ ಇವೆ. ಸಕ್ಕರೆ ಅಂಟಿದ ಲೈಸೀನಿನ ಬಳಿ ಟ್ರಿಪ್ಸಿನ್ ಕಿಣ್ವ ಪ್ರೋಟೀನನ್ನು ಕತ್ತರಿಸಲಾರದು. ಹೀಗಾಗಿ ಒಂದು ಪಾಲು ಜೀರ್ಣವಾಗದೆ ದೊಡ್ಡಕರುಳನ್ನು ತಲಪುತ್ತದೆ. ಅಲ್ಲಿನ ಇಂಟೆಸ್ಟಿನಿಮೋನಾಸ್ ಎಂಬ ಬ್ಯಾಕ್ಟೀರಿಯವು ಫ್ರಕ್ಟೋಸ್‌ಲೈಸೀನನ್ನು ಬ್ಯುಟಿರೇಟ್ ಆಗಿ ಮಾರ್ಪಡಿಸಬಲ್ಲದೆಂದು 2015ರಲ್ಲಿ ತಿಳಿದುಬಂತು. ಬ್ಯುಟಿರೇಟ್ ಕರುಳಿನ ಕೋಶಗಳಿಗೆ ಇಂಧನ. ‘ವಿಷ’ವೆಂದು ಕರೆಸಿಕೊಂಡ ಗುಂಪಿನ ಒಂದು ವಸ್ತು ಹೀಗೆ ಆಹಾರವೂ ಆಗಬಲ್ಲದು.

ಅಧ್ಯಾಪಕರೇ, ತರಗತಿಯ ಗೋಡೆಗೆ ‘ತಿನ್ನಬಾರದ ಆಹಾರಗಳು’ ಎಂಬ ಪಟ್ಟಿಯನ್ನು ತೂಗುಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ: ಅಳೆದದ್ದು ಯಾವ ವಸ್ತುವನ್ನು? ಯಾವ ವಿಧಾನದಿಂದ? ಎಷ್ಟು ಜನರಲ್ಲಿ? ಮೂತ್ರಪಿಂಡದ ರೋಗಿಯೊಬ್ಬರು ಅಂಥ ಪಟ್ಟಿಯನ್ನು ನಂಬಿ ಬೆಣ್ಣೆ ಬಿಟ್ಟು, ಕಂದು ಅಂಚಿನ ಬ್ರೆಡ್ಡನ್ನೇ ಹೆಚ್ಚಾಗಿ ತಿನ್ನಬಹುದು. ತಪ್ಪು ಅಂಕಿಯ ಬೆಲೆ ತೆರುವವರು ಅವರೇ.