ಅಳಿಸಿದ ಸಾಲುಗಳ ಲೆಕ್ಕ

ವೆಬ್ ಪುಟಗಳ ರೂಪ ನಿರ್ಧರಿಸುವ ಸಿಎಸ್‌ಎಸ್ ಭಾಷೆಗೆ ಹೊಸ ಸೌಲಭ್ಯ ಬಂತೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ವೆಬ್ ಡಿಸೈನರ್‌ಗಳಲ್ಲಿ ಬಹುತೇಕರು ಕೋಡ್ ಬರೆದು ನೋಡುವ ತಾಣ ಕೋಡ್‌ಪೆನ್ ತೆರೆದು ಅದರಿಂದ ಏನೆಲ್ಲ ಆಟ ಆಡಿಸಬಹುದು ಎಂದು ನೋಡುತ್ತಾರೆ. ನುರಿತ ಕೆಲವರ ಚಪಲ ಬೇರೆ. ಅವರು ತೆರೆಯುವುದು ತಮ್ಮದೇ ಹಳೆಯ ಸ್ಟೈಲ್‌ಶೀಟನ್ನು. ಇದು ಬಂದ ಮೇಲೆ ಯಾವ ಸಾಲನ್ನು ಕಿತ್ತು ಬಿಸಾಡಬಹುದು ಎಂಬುದೇ ಅವರ ಹುಡುಕಾಟ. ವೆಬ್ ಸ್ಟ್ಯಾಂಡರ್ಡ್‌ಗಳ ರುಚಿ ಹತ್ತಿದವರೆಂದರೆ ಈ ಎರಡನೆಯ ಗುಂಪಿನವರೇ.

2024ರ ಮಾರ್ಚ್-ಏಪ್ರಿಲ್‌ನಲ್ಲಿ ಅವರಿಗೆ ಹಬ್ಬ. ಸಫಾರಿ 17.4, ಕ್ರೋಮ್ 123, ಫೈರ್‌ಫಾಕ್ಸ್ 125 ಒಂದರ ಹಿಂದೊಂದು ಬಂದವು. ಮೂರರಲ್ಲೂ ‘ಅಲೈನ್-ಕಂಟೆಂಟ್: ಸೆಂಟರ್’ ಎಂಬ ಒಂದೇ ಸಾಲು, ಪುಟದ ಸಾದಾ ಬಾಕ್ಸ್ ಆದ ಡಿವ್‌ನ ಒಳಗಿದ್ದುದನ್ನು ಮೇಲಕ್ಕೂ ಕೆಳಕ್ಕೂ ಸಮವಾಗಿ ನಡುಮಧ್ಯೆ ನಿಲ್ಲಿಸಿತು. ಹೊರಗಿನವರಿಗೆ ಇದರಲ್ಲೇನು ವಿಶೇಷ ಎನ್ನಿಸಬಹುದು. ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತವಾದದ್ದು 1996ರ ಡಿಸೆಂಬರ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಒಂದು ಬಾಕ್ಸನ್ನು ನಡುವಿಗೆ ತರಲು ಡಿಸೈನರ್‌ಗಳು ಪಟ್ಟ ಪಾಡು ಅಷ್ಟಿಷ್ಟಲ್ಲ: ಡಿವ್‌ಗೆ ಟೇಬಲ್-ಸೆಲ್ ವೇಷ ಹಾಕಿಸಿದರು, ಅರ್ಧ ಎತ್ತರದಷ್ಟು ಮೈನಸ್ ಮಾರ್ಜಿನ್ ಕೊಟ್ಟರು, ಟ್ರಾನ್ಸ್‌ಫಾರ್ಮ್ ಬಳಸಿ ಹಿಂದಕ್ಕೆಳೆದರು. ಫ್ಲೆಕ್ಸ್‌ಬಾಕ್ಸ್ ಬಂದ ಮೇಲೆ ಉಸಿರು ಸರಾಗವಾಯಿತು ನಿಜ, ಆದರೆ ಅಲ್ಲೂ ಬಾಕ್ಸಿನ ಸ್ವಭಾವವನ್ನೇ ಮೊದಲು ಬದಲಿಸಬೇಕಿತ್ತು.

ಇಂಥ ಕಸರತ್ತುಗಳ ಇತಿಹಾಸ ಬರೆದರೆ ಅದೇ ವೆಬ್‌ನ ಇತಿಹಾಸವಾದೀತು. ಪುಟದಲ್ಲಿ ಜಾಗ ಬಿಡಿಸಲು ಒಂದು ಪಿಕ್ಸೆಲ್‌ನ ಪಾರದರ್ಶಕ ಜಿಫ್ ಚಿತ್ರ ತುರುಕುವ ಉಪಾಯವನ್ನು ಜನಪ್ರಿಯಗೊಳಿಸಿದ ಡೇವಿಡ್ ಸೀಗಲ್, 1997ರಲ್ಲಿ ತಾನೇ ವೆಬ್ಬನ್ನು ಹಾಳುಮಾಡಿದೆ ಎಂದು ಬರೆದುಕೊಂಡರು. ಮರುವರ್ಷ ಹುಟ್ಟಿದ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್, ಬ್ರೌಸರ್ ಕಂಪನಿಗಳೆಲ್ಲ ಒಂದೇ ನಿಯಮ ಪಾಲಿಸಲಿ ಎಂದು ಬೆನ್ನುಹತ್ತಿತು.

ಆ ಕಾಲದ ಅತ್ಯಂತ ಸೊಗಸಾದ ಕಿತಾಪತಿ ಬಾಕ್ಸ್ ಮಾಡೆಲ್ ಹ್ಯಾಕ್. ಫೋಟೊಗೆ ಚೌಕಟ್ಟು ಹಾಕಿಸುವಾಗ ಅಳತೆ ಫೋಟೊದ್ದೋ ಚೌಕಟ್ಟಿನದ್ದೋ ಎಂಬಂಥದ್ದೇ ಜಗಳ ಅದು. ಒಂದು ಬಾಕ್ಸಿನ ಅಗಲ 300 ಪಿಕ್ಸೆಲ್, ಎರಡೂ ಬದಿಗೆ 20ರಂತೆ ಪ್ಯಾಡಿಂಗ್, ಅಂದರೆ ಒಳಗಿನ ಖಾಲಿ ಜಾಗ, ಎಂದು ಬರೆದರೆ ಸ್ಟ್ಯಾಂಡರ್ಡ್ ಪ್ರಕಾರ ಒಟ್ಟು 340. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಮಾತ್ರ ಪ್ಯಾಡಿಂಗನ್ನೂ ಆ 300ರೊಳಗೇ ಸೇರಿಸಿಕೊಳ್ಳುತ್ತಿತ್ತು. ಆಗ ಮೈಕ್ರೋಸಾಫ್ಟ್‌ನಲ್ಲಿದ್ದು, ಮ್ಯಾಕ್‌ಗಾಗಿ ಬಂದ ಎಕ್ಸ್‌ಪ್ಲೋರರ್ 5ರ ಎಂಜಿನ್ ಕೆಲಸದ ಮುಂದಾಳಾಗಿದ್ದ ಟಾಂಟೆಕ್ ಚೆಲಿಕ್ ಇದಕ್ಕೊಂದು ದಾರಿ ಕಂಡುಹಿಡಿದರು. ಅಕ್ಷರ ಓದಿ ಹೇಳುವ ಯಂತ್ರಗಳಿಗೆಂದು ಇದ್ದ ‘ವಾಯ್ಸ್-ಫ್ಯಾಮಿಲಿ’ ಎಂಬ ಸೂಚನೆಯೊಳಗೆ, ಉದ್ಧರಣ ಚಿಹ್ನೆಗಳ ನಡುವೆ, ಮುಚ್ಚುವ ಪುಷ್ಪಾವರಣವೊಂದನ್ನು ಅಡಗಿಸಿಟ್ಟರು. ಹಳೆಯ ಎಕ್ಸ್‌ಪ್ಲೋರರ್ ಅಲ್ಲಿಗೇ ನಿಯಮ ಮುಗಿಯಿತೆಂದುಕೊಂಡು, ತನಗೆಂದೇ ಮೊದಲ ಸಾಲಿನಲ್ಲಿ ಬರೆದಿಟ್ಟಿದ್ದ 340ರ ಅಗಲವನ್ನೇ ಹಿಡಿದು ಹೊರಡುತ್ತಿತ್ತು. ಉಳಿದ ಬ್ರೌಸರ್‌ಗಳು ಮುಂದಿನ ಸಾಲು ಓದಿ 300 ಎಂಬ ಸರಿಯಾದ ಅಗಲ ಪಡೆಯುತ್ತಿದ್ದವು. ಬಾಯಿಲ್ಲದ ಬಾಕ್ಸಿಗೆ ಧ್ವನಿ ಕೊಟ್ಟು ಅಗಲ ಸರಿಪಡಿಸಿದ ಈ ಉಪಾಯ ಲೆಕ್ಕವಿಲ್ಲದಷ್ಟು ತಾಣಗಳಲ್ಲಿ ಕೂತಿತು.

ಕತೆಗೆ ತಿರುವು ಇರುವುದು ಮುಂದೆ. ಎಕ್ಸ್‌ಪ್ಲೋರರ್ ಅಳೆಯುತ್ತಿದ್ದ ರೀತಿಯೇ ಕೆಲಸಕ್ಕೆ ಅನುಕೂಲ ಎಂಬುದು ಎಲ್ಲರಿಗೂ ನಿಧಾನವಾಗಿ ಅರಿವಾಯಿತು. ಹಾಗೆಯೇ ಅಳೆಯಲು ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’ ಎಂಬ ಹೊಸ ಸೂಚನೆ ಬಂತು. 2012ರಲ್ಲಿ ಪಾಲ್ ಐರಿಶ್, ಪುಟದ ಪ್ರತಿಯೊಂದು ಬಾಕ್ಸಿಗೂ ಅದನ್ನೇ ಹಚ್ಚಿರಿ ಎಂದು ಸಲಹೆ ಕೊಟ್ಟ ಮೇಲೆ ಅದು ಸ್ಟೈಲ್‌ಶೀಟ್‌ಗಳ ತಲೆಬರಹವೇ ಆಗಿಹೋಯಿತು. ಸಿಎಸ್‌ಎಸ್ ರೂಪಿಸುವ ಕಾರ್ಯಪಡೆ ತನ್ನ ತಪ್ಪುಗಳದ್ದೇ ಒಂದು ಪಟ್ಟಿ ಇಟ್ಟುಕೊಂಡಿದೆ. ಮೊದಲಿನಿಂದಲೂ ಬಾರ್ಡರ್-ಬಾಕ್ಸೇ ಇರಬೇಕಿತ್ತು ಎಂಬ ಒಪ್ಪಿಗೆ ಅದರಲ್ಲಿದೆ. ತಮ್ಮ ತಪ್ಪನ್ನು ಹೀಗೆ ಸಾರ್ವಜನಿಕವಾಗಿ ಬರೆದಿಡುವ ಸಮಿತಿಗಳು ಲೋಕದಲ್ಲಿ ಎಷ್ಟಿವೆಯೋ!

ಈಗಿನವರಿಗೆ ಕಾಯುವ ಕಷ್ಟ ಕಡಿಮೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಎಲ್ಲ ಕೂಡಿ 2022ರಿಂದ ‘ಇಂಟರಾಪ್’ ಹೆಸರಿನಲ್ಲಿ, ಈ ವರ್ಷ ಇಂತಿಂಥ ಸೌಲಭ್ಯ ಎಲ್ಲ ಬ್ರೌಸರ್‌ಗಳಲ್ಲೂ ಒಂದೇ ಥರ ನಡೆಯಬೇಕು ಎಂದು ಗುರಿ ಹಾಕಿಕೊಳ್ಳುತ್ತಿವೆ. ಒಳಗೆ ಏನಿದೆ ನೋಡಿ ಹೊರಗಿನದರ ರೂಪ ನಿರ್ಧರಿಸುವ ‘ಹ್ಯಾಸ್’ ಸೆಲೆಕ್ಟರ್, ಬ್ರೌಸರ್ ನಿಧಾನವಾಗುತ್ತದೆಂಬ ಭಯದಿಂದ ವರ್ಷಗಟ್ಟಲೆ ಮೂಲೆಗೆ ಬಿದ್ದಿತ್ತು. 2022ರ ಮಾರ್ಚ್‌ನಲ್ಲಿ ಸಫಾರಿಗೆ ಬಂದು, 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ತಲುಪಿತು. ಕಾರ್ಡಿನಲ್ಲಿ ಚಿತ್ರವಿದ್ದರೆ ಒಂದು ವಿನ್ಯಾಸ, ಇಲ್ಲದಿದ್ದರೆ ಇನ್ನೊಂದು ಎನ್ನಲು ಬರೆದಿಟ್ಟಿದ್ದ ಜಾವಾಸ್ಕ್ರಿಪ್ಟ್ ಎಷ್ಟೋ ಕಡೆ ಕಸದ ಬುಟ್ಟಿ ಸೇರಿತು.

ಕನ್ನಡದ ತಾಣಗಳಲ್ಲಿ ಬಿಸಾಡಿದ್ದು ಇನ್ನೂ ದೊಡ್ಡದು. ಯುನಿಕೋಡ್ ಬಳಕೆಗೆ ಬರುವ ಮುಂಚೆ ಒಂದೊಂದು ತಾಣಕ್ಕೆ ಒಂದೊಂದು ಫಾಂಟ್, ಒಂದೊಂದು ಸಂಕೇತ ವ್ಯವಸ್ಥೆ. ಸುದ್ದಿಯ ಒಂದು ಸಾಲು ಕಾಪಿ ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸರ ಕೈಗೆ ಸಿಗುತ್ತಿತ್ತು, ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಶೀರ್ಷಿಕೆ ಚೆನ್ನಾಗಿ ಕಾಣಬೇಕೆಂದರೆ ಚಿತ್ರವಾಗಿಯೇ ಹಾಕಬೇಕಿತ್ತು. ವೆಬ್ ಫಾಂಟ್‌ಗಳು ಎಲ್ಲ ಬ್ರೌಸರ್‌ಗಳಿಗೆ ಬಂದ ಮೇಲೆ ಆ ಚಿತ್ರಗಳೆಲ್ಲ ಹೋದವು. ಏಕ್ ಟೈಪ್ ಸಂಸ್ಥೆಯ ‘ಅನೇಕ್ ಕನ್ನಡ’ದಂಥ ವೇರಿಯಬಲ್ ಫಾಂಟ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಎಲ್ಲವೂ ಒಂದೇ ಕಡತದಲ್ಲಿ ಅಡಕ.

ಆದರೂ ಕನ್ನಡದ ಡಿಸೈನರ್ ಕೆಲವು ಹಳೆಯ ಸಾಲುಗಳನ್ನು ಇನ್ನೂ ಅಳಿಸುವಂತಿಲ್ಲ. ಇಂಗ್ಲಿಷಿಗೆಂದು ಮಾಡಿದ ಸುದ್ದಿ ಕಾರ್ಡ್‌ನಲ್ಲಿ ಲೈನ್-ಹೈಟ್ 1.1 ಇಟ್ಟು, ಎರಡು ಸಾಲಿಗೆ ಶೀರ್ಷಿಕೆ ತುಂಡರಿಸಿ, ಓವರ್‌ಫ್ಲೋ ಮುಚ್ಚಿದರೆ, ಕೆಳಸಾಲಿನ ‘ರಾಷ್ಟ್ರ’ದ ಒತ್ತಕ್ಷರಗಳು ಅಡಿಯಲ್ಲಿ ಕತ್ತರಿಸಿಹೋಗುತ್ತವೆ. ಅದಕ್ಕೇ ಸ್ಟೈಲ್‌ಶೀಟ್‌ನಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಲೈನ್-ಹೈಟ್, ತಳಕ್ಕೆ ಒಂದಿಷ್ಟು ಹೆಚ್ಚಿನ ಪ್ಯಾಡಿಂಗ್. 2024ರ ಡಿಸೆಂಬರ್‌ನಲ್ಲಿ ಸಫಾರಿಗೂ 2025ರ ಫೆಬ್ರವರಿಯಲ್ಲಿ ಕ್ರೋಮ್‌ಗೂ ಬಂದ ‘ಟೆಕ್ಸ್ಟ್-ಬಾಕ್ಸ್-ಟ್ರಿಮ್’ ಈ ಗೋಜನ್ನು ಬಗೆಹರಿಸೀತು ಎಂದು ಕಾದವರಿಗೆ ಸಿಕ್ಕಿದ್ದು ಅರ್ಧ ಸಂತೋಷ. ಅಕ್ಷರದ ಮೇಲೆ ಕೆಳಗೆ ಫಾಂಟ್ ತಾನಾಗಿ ಬಿಡುವ ಖಾಲಿ ಜಾಗವನ್ನು ಅದು ನೀಟಾಗಿ ಕತ್ತರಿಸುತ್ತದೆ. ಇಂಗ್ಲಿಷ್ ಬಟನ್‌ಗಳು ಅಚ್ಚುಕಟ್ಟಾಗಿ ಕೂರುತ್ತವೆ. ಆದರೆ ಹೀಗೆ ಕತ್ತರಿಸುವಾಗ ಅದು ಸಾಮಾನ್ಯವಾಗಿ ಗೆರೆ ಎಳೆಯುವುದು ಕ್ಯಾಪಿಟಲ್ ಅಕ್ಷರದ ನೆತ್ತಿಗೆ, ರೋಮನ್ ಅಕ್ಷರ ನಿಲ್ಲುವ ಬೇಸ್‌ಲೈನಿಗೆ. ಕ್ಯಾಪಿಟಲ್ ಅಕ್ಷರವೇ ಇಲ್ಲದ, ಬೇಸ್‌ಲೈನಿನ ಕೆಳಗೆ ಒಂದೋ ಎರಡೋ ಒತ್ತು ಇಳಿಬಿಡುವ ಕನ್ನಡಕ್ಕೆ ಆ ಗೆರೆ ಒಗ್ಗುವುದಿಲ್ಲ.

ಈ ಕೊರತೆಯನ್ನು ಹೇಳಿಕೊಳ್ಳಲು ದಾರಿಯಿದೆ. ಸಿಎಸ್‌ಎಸ್ ಕಾರ್ಯಪಡೆಯ ಚರ್ಚೆಗಳು ಗಿಟ್‌ಹಬ್‌ನಲ್ಲಿ ಬಹಿರಂಗವಾಗಿಯೇ ನಡೆಯುತ್ತವೆ. ದೂರು ದಾಖಲಿಸಲು ಯಾರ ಶಿಫಾರಸೂ ಬೇಕಿಲ್ಲ. ವೆಬ್ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯುತ್ರೀಸಿ ಭಾರತೀಯ ಲಿಪಿಗಳ ಪುಟವಿನ್ಯಾಸದ ಅಗತ್ಯಗಳ ಬಗ್ಗೆಯೇ ಪ್ರತ್ಯೇಕ ದಸ್ತಾವೇಜೊಂದನ್ನು ಇಟ್ಟುಕೊಂಡಿದೆ. ಉದ್ದುದ್ದ ಅಹವಾಲು ಬರೆಯುವುದಕ್ಕಿಂತ ಹತ್ತು ಸಾಲಿನ ಒಂದು ಪರೀಕ್ಷಾ ಪುಟ ಕಳಿಸಿದರೆ ಕೆಲಸ ಬೇಗ ಸಾಗುತ್ತದೆ: ಒಂದು ಬಾಕ್ಸ್, ಒಂದು ಫಾಂಟ್, ‘ರಾಷ್ಟ್ರ’ ಎಂಬ ಪದ, ಎರಡು ಬ್ರೌಸರ್‌ಗಳ ಸ್ಕ್ರೀನ್‌ಶಾಟ್.